ಮಗಳಿಗೆ ತಿಲಾಂಜಲಿ ಬಿಟ್ಟ ಹಾಡು

ಕೊಲ್ಹಾಪುರ
ಸೋಮವಾರ, ತಾ. ೧೭ ನವೆಂಬರ್ ೨೦೨೫

ನನ್ನ ಅವ್ವ ದೀಪಾಲಿಗೆ,

ನಿನ್ನ ಹಡೆದವ್ವ ಮುಕ್ತಾಬಾಯಿ ಬರೆಯುವ ಕಾಗದ. ಹೇಗಿದ್ದೀ ಮಗಳೇ? ಮೈಯಲ್ಲಿ ಆರಾಮ ಇದ್ದೀಯಾ? ಚಳಿ ಬಿತ್ತೆಂದರೆ ನಿನ್ನ ತುಟಿ ಒಡೆದು ರಕ್ತ ಬರುತ್ತಿತ್ತು, ಈಗ ಬೆಣ್ಣೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ. ಮೊಮ್ಮಗಳಿಗೆ ಕೆಮ್ಮು ಬಿಡುವುದಿಲ್ಲವಂತೆ. ಇಚಲಕರಂಜಿಯ ಮಗ್ಗದ ಓಣಿಗಳಲ್ಲಿ ಹತ್ತಿಯ ಧೂಳು ಅಡುಗೆಮನೆಯ ತನಕ ಬರುತ್ತದೆ ಎಂದು ಕೇಳಿದೆ. ಮಲಗುವ ಮುಂಚೆ ಅವಳ ಎದೆಗೆ ಬೆಚ್ಚಗಿನ ಎಣ್ಣೆ ತಿಕ್ಕು. ಅವಳ ಹೆಸರು ಕೇಳಿ ತಿಳಿದುಕೊಂಡಿದ್ದೇನೆ, ಆದರೆ ನನ್ನ ಬಾಯಿಗೆ ಇನ್ನೂ ಹೊಂದಿಲ್ಲ, ಅದಕ್ಕೇ ಮೊಮ್ಮಗಳು ಎಂದೇ ಬರೆಯುತ್ತೇನೆ. ಮಗ್ಗ ರಿಪೇರಿ ಮಾಡಿ ಮಾಡಿ ಅಳಿಯಂದಿರಿಗೆ ಕಿವಿ ಮಂದವಾಗಿದೆಯಂತೆ. ಕಿವಿಗೆ ಹತ್ತಿ ಇಟ್ಟುಕೊಳ್ಳಲು ಹೇಳು. ಹತ್ತಿಗೆ ಅಲ್ಲಿ ಏನು ಬರ? ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಜೈನರ ಮನೆಯಲ್ಲಿ ಹೇಗೆ ಅಡುಗೆ ಮಾಡುತ್ತೀಯೋ ಎಂದು ನಾನು ಒಲೆಯ ಮುಂದೆ ಕೂತಾಗಲೆಲ್ಲ ಯೋಚಿಸುತ್ತೇನೆ. ನೀನು ಚಟ್ನಿಪುಡಿ ಇಲ್ಲದೆ ರೊಟ್ಟಿ ಮುಟ್ಟುತ್ತಿರಲಿಲ್ಲ.

ಈ ಕಾಗದವನ್ನು ನೂತನ ತಂದು ಕೊಡುತ್ತಾಳೆ. ಹೋದ ತಿಂಗಳು ನಿನ್ನ ಮನೆಗೆ ಬಂದಿದ್ದಳಲ್ಲ, ಕೊಲ್ಹಾಪುರದ ಕಾಲೇಜಿನಲ್ಲಿ ಗಡಿಭಾಗದ ಡೊಳ್ಳಿನ ಹಾಡುಗಳ ಮೇಲೆ ಪುಸ್ತಕ ಬರೆಯುತ್ತಿರುವ ಹುಡುಗಿ, ಅವಳೇ. ನೀನು ಅವಳಿಗೆ ಚಹಾ ಕೊಟ್ಟೆ, ಮಾತು ಕೊಡಲಿಲ್ಲ. 'ಹಾಡಿದವ್ರನ್ನ ಕೇಳ್ರಿ, ನಾ ಬರೇ ಹಾಡಿಸ್ಕೊಂಡಾಕಿ' ಎಂದೆಯಂತೆ. ಫೋನು ಮಾಡಬಹುದಿತ್ತು, ಆದರೆ ನಿನ್ನ ಅಣ್ಣ ವಿಕಾಸ ಮಾಡಿದರೆ ನೀನು ಕತ್ತರಿಸುತ್ತೀ. ಮೊನ್ನೆ ಇಲ್ಲಿ ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರ ಹೆಂಡತಿ ಸುಶೀಲಾಬಾಯಿಯ ಫೋನು ಇಸಿದುಕೊಂಡು ನಾನೇ ಮಾಡಿದೆ. ನನ್ನ ದನಿ ಕೇಳಿ ನೀನು 'ರಾಂಗ್ ನಂಬರ್' ಎಂದೆ. ಹಡೆದವಳೇ ರಾಂಗ್ ನಂಬರ್ ಆದ ಮೇಲೆ ಕಾಗದವೇ ಗತಿ.

ಇನ್ನೊಂದು ಕಾರಣವೂ ಇದೆ. ನಿಮ್ಮಪ್ಪ ನನ್ನ ಎದುರಿಗೇ ಮಲಗಿದ್ದಾರೆ, ಫೋನಿನಲ್ಲಿ ಮಾತಾಡಿದರೆ ಕೇಳಿಸುತ್ತದೆ. ಈಗಲೂ ಏನು ಬರೆಯುತ್ತಿದ್ದೀ ಎಂದು ಹುಬ್ಬು ಎತ್ತಿ ಕೇಳಿದರು, ಮಗಳಿಗೆ ಎಂದೆ, ಕಣ್ಣು ಮುಚ್ಚಿಕೊಂಡರು. ಅವರಿಗೆ ಇದನ್ನು ಓದಲು ಬಾರದು. ಜೀವಮಾನವೆಲ್ಲ ಕನ್ನಡದಲ್ಲಿ ಹಾಡಿದ ಮನುಷ್ಯ ಕಲಿತದ್ದು ಮರಾಠಿ ಸಾಲಿಯಲ್ಲಿ; ಹಾಡೆಲ್ಲ ತಲೆಯಲ್ಲಿ, ಅಕ್ಷರವೆಲ್ಲ ಆ ಕಡೆಯವು. ನಮ್ಮ ಮನೆಯಲ್ಲಿ ಕನ್ನಡ ಅಕ್ಷರ ಬಲ್ಲವರು ನಾವಿಬ್ಬರೇ. ನಾನು ತವರಿನಲ್ಲಿ ಏಳನೆಯ ತನಕ ಕಲಿತದ್ದನ್ನು ಹಿಟ್ಟಿನ ಪರಾತದಲ್ಲಿ ನಿನ್ನ ಬೆರಳು ಹಿಡಿದು ತಿದ್ದಿಸಿದ್ದೆ. ದೊಡ್ಡ ದೊಡ್ಡದಾಗಿ ಬರೆದಿದ್ದೇನೆ, ಒತ್ತಕ್ಷರ ಬಂದಲ್ಲಿ ನಿಧಾನಕ್ಕೆ ಓದು. ಅನ್ನದ ಅಗುಳು ಹಚ್ಚಿ ಅಂಟಿಸುತ್ತೇನೆ, ನಡುವೆ ಯಾರೂ ಬಿಚ್ಚುವುದಿಲ್ಲ.

ಈಗ ಸುದ್ದಿ ಹೇಳುತ್ತೇನೆ, ಮನಸ್ಸು ಗಟ್ಟಿ ಮಾಡಿಕೋ. ನಿಮ್ಮಪ್ಪನ ಗಂಟಲಲ್ಲಿ ಗಡ್ಡೆ ಆಗಿದೆ, ಕ್ಯಾನ್ಸರು. ಶ್ರಾವಣದಲ್ಲೇ ದನಿ ಒಡೆದಿತ್ತು. ಡೊಳ್ಳಿನ ಮಂದಿಗೆ ದನಿ ಒಡೆಯುವುದು ಹೊಸದಲ್ಲ. ಜ್ಯೇಷ್ಠಮಧು ಅಗಿದು, ಬಿಸಿನೀರು ಕುಡಿದು, ಎರಡು ಅಮಾವಾಸ್ಯೆ ಬಾಯಿ ಮುಚ್ಚಿಕೊಂಡಿದ್ದರೆ ಸರಿಹೋಗುತ್ತದೆ ಎಂದು ಮೇಳದವರೆಲ್ಲ ಹೇಳಿದರು, ನಾವೂ ನಂಬಿದೆವು. ಬೇರೆ ಯಾವ ಮನೆಯವರಾದರೂ ಡಾಕ್ಟರ ಹತ್ತಿರ ಓಡುತ್ತಿದ್ದರು. ನಾವು ಹಾಡುವವರು, ಗಂಟಲ ಬಗ್ಗೆ ನಮಗೆ ಯಾರು ಹೇಳಬೇಕು ಎಂದು ಕೂತೆವು. ದಸರೆ ಹೋಯಿತು, ದೀಪಾವಳಿ ಹೋಯಿತು, ರೊಟ್ಟಿ ನುಂಗಲು ಆಗದಾಯಿತು. ವಿಕಾಸ ಗಡಹಿಂಗ್ಲಜದಲ್ಲಿ ತೋರಿಸಿದ; ಅಲ್ಲಿನ ಡಾಕ್ಟರು ಹೆಚ್ಚು ಮಾತಾಡದೆ ಕೊಲ್ಹಾಪುರಕ್ಕೆ ಚೀಟಿ ಬರೆದರು. ಇಲ್ಲಿಗೆ ಬಂದು ಇವತ್ತಿಗೆ ಒಂಬತ್ತು ದಿನ. ಶುಕ್ರವಾರ ಬೆಳಿಗ್ಗೆ ಆಪರೇಷನ್. ದೊಡ್ಡ ಡಾಕ್ಟರು ನನ್ನನ್ನೂ ವಿಕಾಸನನ್ನೂ ನಿಲ್ಲಿಸಿಕೊಂಡು 'ಜೀವ ವಾಚೇಲ, ಪಣ ಆವಾಜ ಜಾಈಲ' ಎಂದರು. ಜೀವ ಉಳಿಯುತ್ತದೆ, ದನಿ ಹೋಗುತ್ತದೆ. ಗಂಟಲೊಳಗೆ ದನಿ ಹುಟ್ಟುವ ಜಾಗವನ್ನೇ ತೆಗೆದುಹಾಕುತ್ತಾರಂತೆ. ಆಮೇಲೆ ಕುತ್ತಿಗೆಯಲ್ಲಿ ಒಂದು ತೂತು, ಉಸಿರು ಅದರಿಂದ.

ಈಗ ಇರುವುದೂ ದನಿ ಎನ್ನುವಂಥದ್ದಲ್ಲ, ಒಣ ಎಲೆ ಸರಿದ ಹಾಗೆ ಕೇಳುತ್ತದೆ. ಆದರೂ ಹತ್ತಿರ ಕಿವಿ ಕೊಟ್ಟರೆ ಮಾತು ತಿಳಿಯುತ್ತದೆ. ನಿನ್ನೆ ನನ್ನ ಸೆರಗು ಜಗ್ಗಿ ಬಗ್ಗಿಸಿಕೊಂಡು, 'ಆಕಿನ್ನ ಒಮ್ಮೆ ಬಾಯಿಲೆ ಕರೀಬೇಕಂತ ಐತಿ ನೋಡ' ಎಂದರು. ನಿನ್ನಿಂದ ಅವರು ಮತ್ತೇನೂ ಕೇಳುತ್ತಿಲ್ಲ. ಹೆಸರು ಹಿಡಿದು ಒಂದು ಸಲ ಕರೆಯಬೇಕು, ಅಷ್ಟೇ. ಅದಕ್ಕೆ ನಿನಗೆ ಗುರುವಾರದ ತನಕ ವೇಳೆ ಇದೆ.

ನೀನು ಬರುವುದಿಲ್ಲ ಎಂದು ನನಗೆ ಗೊತ್ತು. ಯಾಕೆ ಬರುವುದಿಲ್ಲ ಎಂದೂ ಗೊತ್ತು. ನೀನು ಹೊಲಿಗೆ ಕಲಿಯಲು ಇಚಲಕರಂಜಿಗೆ ಹೋದವಳು ಜಿನಪಾಲರನ್ನು ಮದುವೆಯಾಗಿ ಅಲ್ಲೇ ಉಳಿದೆ. ಆಮೇಲೆ ನಮ್ಮ ಮನೆಯಲ್ಲಿ ಏನೇನು ನಡೆಯಿತು ಎಂದು ನಿನಗೆ ಯಾರೂ ಹೇಳಿಲ್ಲ. ಹಾಡು ಮಾತ್ರ ಬಂದು ಮುಟ್ಟಿತು. ಹಾಡಿನ ಹಿಂದಿನದನ್ನು ನಾನು ಹೇಳುತ್ತೇನೆ, ಕೇಳಿ ಆಮೇಲೆ ನಿನಗೆ ಬೇಕಾದದ್ದು ಮಾಡು.

ನಿನಗೆ ನೆನಪಿರಬೇಕು, ಡೊಳ್ಳು ನಿಮ್ಮ ಮುತ್ತಜ್ಜನ ಕಾಲದಿಂದ ನಮ್ಮ ಪಡಸಾಲೆಯಲ್ಲೇ ತೂಗುತ್ತಿತ್ತು. ಹೆಂಗಸರು ಅದನ್ನು ಮುಟ್ಟುವ ಹಾಗಿಲ್ಲ. ಅದರ ಕೆಳಗೆ ಕಸ ಗುಡಿಸಬಹುದು, ಅದಕ್ಕೇನೂ ಅಡ್ಡಿಯಿಲ್ಲ. ನಮ್ಮ ಹಾಡಿನ ಪದ್ಧತಿಯೂ ನಿನಗೆ ಗೊತ್ತು. ಕಡೆಯ ನುಡಿಯಲ್ಲಿ ಕುಲದೇವರು ಬೀರಪ್ಪನ ಹೆಸರು, ಊರಿನ ಹೆಸರು, ಆಮೇಲೆ ಹಾಡು ಕಟ್ಟಿದವನ ಹೆಸರು. ಹೆಸರಿಲ್ಲದ ಹಾಡು ದಿಕ್ಕಿಲ್ಲದ ಹಾಡು, ಯಾವ ಮೇಳದವರಾದರೂ ಎತ್ತಿಕೊಂಡು ಹೋಗಬಹುದು. ನಿಮ್ಮಪ್ಪನ ಹಾಡುಗಳೆಲ್ಲ ಕೇದಾರಿ ಎಂಬ ಹೆಸರಿನಲ್ಲಿ ಮುಗಿಯುತ್ತಿದ್ದವು. ಕಟ್ಟುವಾಗ ಒಂದು ಪದ ಕಮ್ಮಿ ಬಿದ್ದರೆ ಅಂಗಳದಿಂದ ಕೂಗಿ ನನ್ನನ್ನು ಕೇಳುತ್ತಿದ್ದರು. ಉಪ್ಪು ಕೇಳಿದರೆ ಉಪ್ಪು ಕೊಟ್ಟ ಹಾಗೆ ನಾನು ಒಳಗಿನಿಂದ ಕೊಡುತ್ತಿದ್ದೆ. ನೀನು ನಡುವೆ ಕೂತು ಇಬ್ಬರನ್ನೂ ಅಣಕಿಸುತ್ತಿದ್ದೆ.

ನೀನು ಹೋದ ಐದನೆಯ ತಿಂಗಳಿಗೆ ಗಡಹಿಂಗ್ಲಜ ಬದಿಯ ಒಂದು ಹಳ್ಳಿಯಲ್ಲಿ ಜಿದ್ದಿನ ಹಾಡಿಕೆ ಇತ್ತು. ಒಂದು ಮೇಳ ಹಾಡಿನಲ್ಲಿ ಪ್ರಶ್ನೆ ಹಾಕಬೇಕು, ಇನ್ನೊಂದು ಮೇಳ ಹಾಡಿನಲ್ಲೇ ಉತ್ತರ ಕೊಡಬೇಕು, ಉತ್ತರ ಬಾರದಿದ್ದರೆ ಡೊಳ್ಳು ನೆಲಕ್ಕಿಟ್ಟು ಏಳಬೇಕು. ಅಂದು ಎದುರಿನವರು ದೇವರ ಪ್ರಶ್ನೆ ಹಾಕಲಿಲ್ಲ. ಸ್ವಂತ ಮರಿಯನ್ನು ಕಟ್ಟಿಹಾಕಲು ಬಾರದವನಿಗೆ ದೇವರ ಹಿಂಡಿನ ಹಾಡು ಯಾಕೆ ಎಂದು ಹಾಡಿದರು. ಜನ ಹೋ ಎಂದು ನಕ್ಕರು. ಬೀರಪ್ಪನ ಹುಟ್ಟಿನಿಂದ ಹಿಡಿದು ಮದುವೆಯ ತನಕ ಬಾಯಿಪಾಠ ಇದ್ದ ಮನುಷ್ಯನಿಗೆ ಒಂದು ಸಾಲು ಉತ್ತರ ಹೊಳೆಯಲಿಲ್ಲ. ಡೊಳ್ಳು ನೆಲಕ್ಕಿಟ್ಟು ಮನೆಗೆ ಬಂದರು.

ಮುಂದಿನ ವಾರ ಸಮಾಜದ ಹಿರಿಯರು ಬಂದರು. ಚಹಾ ಕುಡಿದರು, ನಿನ್ನ ಹೆಸರು ಎತ್ತದೆ ನಿನ್ನ ಬಗ್ಗೆಯೇ ಮಾತಾಡಿದರು. ಜಾತಿ ಬಿಟ್ಟು ಹೋದ ಮಗಳಿಗೆ ಬದುಕಿದ್ದಾಗಲೇ ಎಳ್ಳುನೀರು ಬಿಡುವುದು ಹಿಂದೆ ಇತ್ತು, ಈಗ ಕಾಯದೆ ಕಾಲ, ಅದೆಲ್ಲ ಬೇಡ, ಹಾಡಿನಲ್ಲಿ ಬಿಟ್ಟರೆ ಸಾಕು ಎಂದರು. ದೇವರ ಮುಂದೆ, ನಾಲ್ಕು ಊರಿನ ಮಂದಿಯ ಮುಂದೆ ಹಾಡಿದ್ದು ನಮ್ಮಲ್ಲಿ ಆಣೆ ಇಟ್ಟ ಹಾಗೆ, ಅದರಿಂದ ಹಿಂದೆ ಸರಿಯುವ ಮಾತಿಲ್ಲ. ಬರುವ ಅಮಾವಾಸ್ಯೆಗೆ ಹಾಡದಿದ್ದರೆ ಡೊಳ್ಳು ಬೇರೆ ಮನೆಗೆ ಹೋಗುತ್ತದೆ, ವಿಕಾಸನಿಗೆ ಗೊತ್ತುಮಾಡಿದ್ದ ವೃಷಾಲಿಯ ಸಂಬಂಧವೂ ಮುರಿಯುತ್ತದೆ. ವೃಷಾಲಿಯ ತಂದೆ ಆ ಹಿರಿಯರಲ್ಲೇ ಒಬ್ಬರು, ಬಾಗಿಲ ಹತ್ತಿರ ಕೂತು ನೆಲ ನೋಡುತ್ತಿದ್ದರು. ಚಪ್ಪಲಿ ಮೆಟ್ಟುವಾಗ ಇನ್ನೊಬ್ಬ ಹಿರಿಯ, 'ಕವಿ ಬಾಯಿ ಅಂದ್ರ ಊರ ಬಾವಿ ಇದ್ಹಂಗ ಕೇದಾರಿ. ನಿನ್ನ ಒಬ್ಬಂದಲ್ಲ ಅದು' ಎಂದ. ಬಾವಿಯಲ್ಲಿ ಕಲ್ಲು ಹಾಕುವವರೂ ಊರವರೇ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮನೆಗೆ ಬಂದವರೆಂದು ನುಂಗಿಕೊಂಡೆ.

ಆ ತಿಂಗಳು ನಿಮ್ಮಪ್ಪ ಪಟ್ಟ ಪಾಡನ್ನು ನಾನೊಬ್ಬಳೇ ನೋಡಿದ್ದೇನೆ. ಕಬ್ಬು ಕಡಿದ ಹೊಲಗಳಲ್ಲಿ ಕುರಿ ಮೇಯುತ್ತಿದ್ದವು. ಬೆಳಗಾದರೆ ಅವುಗಳ ಹಿಂದೆ ಗೊಣಗುತ್ತ ನಡೆಯುವರು. ನಾನು ಬುತ್ತಿ ಒಯ್ದಾಗ ಕಟ್ಟಿದಷ್ಟನ್ನು ಹಾಡಿ ತೋರಿಸುವರು. ಮೊದಲ ಸಾಲಿನಲ್ಲಿ ಬೈಗುಳ, ಎರಡನೆಯದರಲ್ಲೂ ಬೈಗುಳ, ಮೂರನೆಯದಕ್ಕೆ ಬರುವಷ್ಟರಲ್ಲಿ ನೀನು ಮೂರು ವರ್ಷದವಳಾಗಿ ಅವರ ಕಂಬಳಿಯೊಳಗೆ ಮಲಗಿರುತ್ತಿದ್ದೆ. 'ಇದು ತಿಲಾಂಜಲಿ ಅಲ್ರಿ, ತೊಟ್ಟಿಲ ಪದ' ಎಂದು ಒಂದು ದಿನ ನಾನು ನಕ್ಕೆ. ಅವರು ನಗಲಿಲ್ಲ. 'ನನ್ನ ಕೈಲೆ ಆಗೂದಿಲ್ಲ ಮುಕ್ತಾ' ಎಂದು ಒಂದು ತುತ್ತೂ ಉಣ್ಣದೆ ಬುತ್ತಿಯನ್ನು ನಾಯಿಗೆ ಹಾಕಿದರು.

ಅಮಾವಾಸ್ಯೆಗೆ ಹಾಡು ಆಯಿತು. ಅದೇ ಹಳ್ಳಿ, ಅದೇ ಎದುರು ಮೇಳ. ನಾನು ಹೆಂಗಸರ ಸಾಲಿನಲ್ಲಿ ಕೂತಿದ್ದೆ. ಹಾಡು ಮುಗಿದ ಮೇಲೆ ಯಾರೂ ಸಿಳ್ಳೆ ಹಾಕಲಿಲ್ಲ, ಡೊಳ್ಳಿನವನು ಬಾರಿಸುವುದನ್ನು ಮರೆತು ನಿಂತ, ಎದುರಿನ ಮೇಳದ ಮುಖ್ಯಸ್ಥನೇ ಬಂದು ನಿಮ್ಮಪ್ಪನ ಕಾಲು ಮುಟ್ಟಿದ. ಡೊಳ್ಳು ಉಳಿಯಿತು. ವಿಕಾಸನ ಮದುವೆ ಆಯಿತು. ವೃಷಾಲಿ ಒಳ್ಳೆಯ ಹುಡುಗಿ, ಅವಳ ಮೇಲೆ ಸಿಟ್ಟು ಬೇಡ. ಯಾರೋ ಫೋನಿನಲ್ಲಿ ಹಿಡಿದದ್ದು ಊರೂರು ತಿರುಗಿತು, ನಿಮ್ಮ ಮಗ್ಗದ ಕಾರ್ಖಾನೆಗಳಿಗೂ ಬಂತು. ನಿನ್ನ ಬಸುರಿನ ಕುಬಸದ ದಿನ ತವರಿನಿಂದ ಒಂದು ಹಸಿರು ಸೀರೆ ಬರಲಿಲ್ಲ. ಓಣಿಯ ಒಬ್ಬಾಕಿ ಫೋನಿನಲ್ಲಿ ಆ ಹಾಡು ಹಚ್ಚಿ ಇದು ನಿನ್ನದೇ ಅಲ್ಲವೇ ಎಂದು ಎಲ್ಲರ ಮುಂದೆ ಕೇಳಿದಳಂತೆ. ಅಳಿಯಂದಿರು ಅಂದು ವಿಕಾಸನಿಗೆ ಫೋನು ಮಾಡಿ, 'ನಿಮ್ಮ ಆಹೇರ ಬಂದು ಮುಟ್ಟಿತ್ರಿ' ಎಂದಷ್ಟೇ ಹೇಳಿ ಇಟ್ಟರು. ತವರಿನ ಉಡುಗೊರೆ ಎಂದರೆ ಆ ಹಾಡು.

ಆಮೇಲೆ ಯಾವ ಊರಿಗೆ ಹೋದರೂ ಮೊದಲು ಅದನ್ನೇ ಹಾಡು ಎನ್ನುತ್ತಿದ್ದರು. ನಿಮ್ಮಪ್ಪ ಹಾಡುತ್ತಿದ್ದರು, ಮನೆಗೆ ಬಂದು ಒಂದು ತಂಬಿಗೆ ನೀರು ಕುಡಿದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಅದಾದ ಮೇಲೆ ನಮ್ಮ ಮನೆಯಲ್ಲಿ ಒಂದು ಹೊಸ ಹಾಡೂ ಹುಟ್ಟಲಿಲ್ಲ. ಅಂಗಳದಿಂದ ಅವರು ಪದ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಇನ್ನು ಈ ನೂತನ. ದನಿ ಹೋಗುವ ಮುಂಚೆ ನಿಮ್ಮಪ್ಪನ ಮಾತು ಹಿಡಿದಿಟ್ಟುಕೊಳ್ಳಬೇಕೆಂದು ನಿನ್ನೆ ವಾರ್ಡಿಗೆ ಬಂದಿದ್ದಳು. ಸಮಾಜ, ಸಂಬಂಧಗಳು ಕವಿಯನ್ನು ಹೇಗೆ ರೂಪಿಸುತ್ತವೆ ಎಂಬುದು ಅವಳ ಪುಸ್ತಕದ ವಿಷಯವಂತೆ. ರೂಪಿಸುವುದೆಂದರೆ ಏನವ್ವ ಎಂದು ಕೇಳಿದೆ. ಕುಂಬಾರ ಮಡಕೆ ಮಾಡಿದ ಹಾಗೆ ಎಂದಳು. ಕುಂಬಾರ ತಟ್ಟುತ್ತಾನಲ್ಲ, ಸುಡುತ್ತಾನಲ್ಲ, ಅದೂ ಪುಸ್ತಕದಲ್ಲಿ ಬರುತ್ತದೆಯೋ ಎಂದೆ. ನಕ್ಕಳು. ಒಳ್ಳೆಯ ಹುಡುಗಿ, ಆದರೆ ಓದಿದವರಿಗೆ ಎಲ್ಲವೂ ಚೆಂದವೇ ಕಾಣುತ್ತದೆ. ಹಾಡು ಎಲ್ಲಿಂದ ಬರುತ್ತದೆ ಎಂದು ನಿಮ್ಮಪ್ಪನನ್ನು ಕೇಳಿದಳು. ಅವರು, 'ಮನಿಯವ್ರು ಕೊಡ್ತಾರ, ಊರವ್ರು ಕಸಗೊಂತಾರ. ನಡುವ ನಾ ಬರೇ ಬಾಯಿ' ಎಂದರು. ಅದನ್ನು ಹಾಗೆಯೇ ಬರೆದುಕೊಂಡಳು. ಆಮೇಲೆ ಆ ಹಾಡಿನ ಮೂರನೆಯ ನುಡಿಯನ್ನು ಓದಿದಳು. ನಿನಗೆ ಬರೆಯುವ ಕಾಗದದಲ್ಲಿ ಅದು ಇರಬಾರದು. ಆದರೂ ಬರೆಯದೆ ಮುಂದಕ್ಕೆ ಹೋಗಲಾರೆ.

ಬ್ಯಾರೆ ಹಿಂಡಿನ ವಾಸ್ನಿ ಮರಿಯ ಮೈಗೆ ಹತ್ತಿತ
ಹಡದ ಕುರಿ ಮೂಸಿ ನೋಡಿ ಮಾರಿ ತಿರುವಿತ
ಕೆಚ್ಚಲ ತುಂಬಿದ ಹಾಲ ಮಣ್ಣಿಗಿ ಸೋರಿತ
ಮರಿಯಿಲ್ಲದಾಕಿ ನಾನಂತ ಹಿಂಡ ಕೂಡಿತ

ನೂತನ ನುಡಿ ಓದಿ ಮುಗಿಸಿ, ಇಷ್ಟು ಊರು ತಿರುಗಿ ಇಷ್ಟು ಹಾಡು ಕೂಡಿಸಿದ್ದೇನೆ, ಇದರಂಥ ನುಡಿ ಇನ್ನೊಂದು ಸಿಕ್ಕಿಲ್ಲ, ಗಂಡಸಾಗಿ ಇದು ನಿಮಗೆ ಹೇಗೆ ಗೊತ್ತಾಯಿತು ಕಾಕಾ ಎಂದು ಕೇಳಿದಳು. ನಿಮ್ಮಪ್ಪ ನನ್ನನ್ನು ನೋಡಲಿಲ್ಲ. ನಾನು ನೀರಿನ ತಂಬಿಗೆ ಹಿಡಿದು ಹೊರಗೆ ಎದ್ದು ಹೋದೆ. ಪುಸ್ತಕದಲ್ಲಿ ಮೊದಲನೆಯ ಹಾಡು ಅದೇ ಆಗುತ್ತದಂತೆ. ಹೋಗುವಾಗ ಇನ್ನೊಂದು ಮಾತು ಹೇಳಿದಳು. ಅವಳು ನಿನ್ನ ಮನೆಗೆ ಬಂದ ದಿನ ಮೊಮ್ಮಗಳು ಹೊಸ್ತಿಲ ಮೇಲೆ ಆಡುತ್ತ ಆ ಹಾಡಿನ ಧಾಟಿಯನ್ನೇ ಗುನುಗುತ್ತಿದ್ದಳಂತೆ, ಓಣಿಯ ಫೋನುಗಳಿಂದ ಕಲಿತದ್ದು. ನೀನು ಓಡಿ ಬಂದು ಅವಳ ಬಾಯಿಗೆ ಕೈ ಒತ್ತಿದೆಯಂತೆ.

ಬಾ ಮಗಳೇ. ಹಾತಕಣಂಗಲೆಯ ಮೇಲೆ ಹಾಯ್ದರೆ ಒಂದು ತಾಸಿನ ದಾರಿ. ಎರಡನೆಯ ಮಹಡಿ, ಗಂಡಸರ ವಾರ್ಡು, ಕಿಟಕಿಯ ಕಡೆಯಿಂದ ನಾಲ್ಕನೆಯ ಹಾಸಿಗೆ. ಗುರುವಾರ ಅಮಾವಾಸ್ಯೆ, ಹೊರಗೆ ಹೊರಡಬಾರದು ಎಂದು ಯಾರಾದರೂ ಹೇಳಿದರೆ ಕೇಳಬೇಡ. ಅಮಾವಾಸ್ಯೆಯಿಂದ ನಮಗೆ ಆಗಬೇಕಾದದ್ದೆಲ್ಲ ಆಗಿಹೋಗಿದೆ. ವಿಕಾಸ ಕುರಿ ನೋಡಲು ಊರಿಗೆ ಹೋಗಿದ್ದಾನೆ, ಗುರುವಾರ ಸಂಜೆಗೆ ಬರುತ್ತಾನೆ. ಅವನ ಎದುರು ಬೇಡವೆಂದರೆ ಅದಕ್ಕೆ ಮುಂಚೆ ಬಾ. ಮೊಮ್ಮಗಳನ್ನು ಕರೆತರುವುದು ಬಿಡುವುದು ನಿನಗೆ ಬಿಟ್ಟದ್ದು.

ಅಳಿಯಂದಿರಿಗೆ ನನ್ನ ನಮಸ್ಕಾರ ಹೇಳು, ಅವರ ತಾಯಿಗೂ. ಮೊಮ್ಮಗಳ ಎರಡೂ ಕೆನ್ನೆಗೆ ನನ್ನ ಹೆಸರಿನಲ್ಲಿ ಮುತ್ತು ಕೊಡು, ಯಾರದೆಂದು ಹೇಳಬೇಕಾಗಿಲ್ಲ. ಬೀರಪ್ಪ ನಿನ್ನ ಹೊಟ್ಟೆ ತಣ್ಣಗಿಟ್ಟಿರಲಿ.

ನಿನ್ನ ಅವ್ವ
ಮುಕ್ತಾಬಾಯಿ

ತಾ.ಕ.: ನೂತನ ಕೆಳಗೆ ರಿಕ್ಷಾ ನಿಲ್ಲಿಸಿಕೊಂಡು ಕರೆಯುತ್ತಿದ್ದಾಳೆ, ಇನ್ನು ತಡೆದರೆ ನನಗೆ ಹೇಳಲು ಆಗುವುದಿಲ್ಲ. ಆ ಹಾಡು ಕಟ್ಟಿದವಳು ನಾನು. ನಿಮ್ಮಪ್ಪ ಅಲ್ಲ. ಅವರು ಬುತ್ತಿ ನಾಯಿಗೆ ಹಾಕಿದ ದಿನ ಮನೆಗೆ ಬಂದು ರೊಟ್ಟಿ ಬಡಿಯುತ್ತ ಶುರು ಮಾಡಿದೆ, ಎರಡು ದಿನದಲ್ಲಿ ಮುಗಿಯಿತು. ವಿಕಾಸನ ಸಂಬಂಧ ಮುರಿಯಬಾರದು ಎಂಬ ಅಂಜಿಕೆ ಇತ್ತು, ಅದು ನಿಜ. ಹೋಗುವ ಮುಂಚೆ ನೀನು ನನಗಾದರೂ ಒಂದು ಮಾತು ಹೇಳಲಿಲ್ಲ ಎಂಬ ಸಿಟ್ಟೂ ಇತ್ತು. ಆದರೆ ಮೂರನೆಯ ನುಡಿ ಬರುವಾಗ ಅಂಜಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಪದಕ್ಕೆ ಪದ ಕೂತಿತು, ನನಗೆ ಸಂತೋಷವಾಯಿತು. ಹಡೆದ ಮಗಳಿಗೆ ಎಳ್ಳುನೀರು ಬಿಡುತ್ತ ಹಾಡು ಚೆನ್ನಾಗಿ ಬಂತು ಎಂದು ಸಂತೋಷಪಟ್ಟವಳು ನಾನು. ನಿಮ್ಮಪ್ಪ ಇದನ್ನು ಹಾಡುವುದಿಲ್ಲ ಎಂದರು. ನೀವು ಹಾಡದಿದ್ದರೆ ನಾನೇ ಹೋಗಿ ನಿಂತು ಹಾಡುತ್ತೇನೆ ಎಂದು ಹಟ ಹಿಡಿದೆ. ಅಳುತ್ತ ಕಲಿತರು, ಕಡೆಯ ನುಡಿಗೆ ತಮ್ಮ ಹೆಸರು ತಾವೇ ಹಾಕಿಕೊಂಡರು. 'ಕಟ್ಟಿದಾಕಿ ನೀ ಅಂತ ಆಕಿಗಿ ಗೊತ್ತಾಗೂದು ಬ್ಯಾಡ. ಅಪ್ಪ ಹೋದ್ರ ಹೋಗ್ಲಿ, ಆಕಿಗಿ ಅವ್ವ ಒಬ್ಬಾಕಿ ಉಳೀಲಿ' ಎಂದರು. ನೀನು ಅವ್ವನ ಕಡೆಗೂ ಬರಲಿಲ್ಲ, ನಾನು ಆರು ವರ್ಷ ಬಾಯಿ ಬಿಡಲಿಲ್ಲ. ನೂತನಳಿಗೆ ಇನ್ನೂ ಹೇಳಿಲ್ಲ, ಮೊದಲು ನಿನಗೆ. ಅವರನ್ನು ನೋಡಲು ಬಾ. ನನ್ನ ಮುಖ ನೋಡುವುದು ಬೇಡವಾದರೆ ಆಸ್ಪತ್ರೆಯ ಗೇಟಿನ ಹತ್ತಿರ ಚಹಾದ ಗಾಡಿ ಇದೆ, ಬುಧವಾರ ಗುರುವಾರ ಎರಡೂ ದಿನ ನಾನು ಅದರ ಹಿಂದೆ ಕೂತಿರುತ್ತೇನೆ. ನೀನು ಅವರನ್ನು ನೋಡಿ ಹೋದ ಮೇಲೆ ಮೇಲಕ್ಕೆ ಬರುತ್ತೇನೆ.